ಸಂಚು, ಕುಮ್ಮಕ್ಕು, ಶಾಮೀಲು

(ಸಮಾಜ ಸುಧಾರಣಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ವೇದಿಕೆಗಳಲ್ಲಿ ಪದೇಪದೇ ಕೇಳಿ ಬರುವ ಮಾತುಗಳಲ್ಲಿ ‘ಪಿತೂರಿ’, ‘ಷಡ್ಯಂತ್ರ’ಗಳೂ ಸೇರಿವೆ. ಇತರರು ನಮ್ಮ ವಿರುದ್ಧ ಹೂಡುವ ಹುನ್ನಾರಗಳ ಬಗ್ಗೆ ನಾವು ಗಂಟೆಗಟ್ಟಲೆ ಮಾತನಾಡಬಲ್ಲೆವು. ಅಂಥವು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಅದೇ ಬಳಗದ ಕೆಲವು ಪದಗಳನ್ನು ನಾವು ನಮ್ಮ ವಿಷಯದಲ್ಲಿ ಎಂದೂ ಬಳಸುವುದಿಲ್ಲ. ಇಂದು ಅವುಗಳನ್ನು ಪರಿಶೀಲಿಸೋಣ.

‘ಸಂಚು’ ಎಂದರೆ ಕೆಡುಕಿಗಾಗಿ ಮೊದಲೇ ಗುಟ್ಟಾಗಿ ಹೂಡಿದ ಉಪಾಯ. ‘ಕುಮ್ಮಕ್ಕು’ ಎಂದರೆ ತಾನು ಮರೆಯಲ್ಲಿ ನಿಂತು ತಪ್ಪು ಮಾಡುವವನಿಗೆ ನೀಡುವ ಬಲ. ‘ಕೈವಾಡ’ದಲ್ಲಿ ಕೃತ್ಯ ಕಾಣುತ್ತದೆ, ಕೈ ಕಾಣುವುದಿಲ್ಲ. ‘ಶಾಮೀಲು’ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಶಾಮೀಲಾದವನು ಯೋಜನೆ ಹಾಕಿರಬೇಕಾಗಿಲ್ಲ, ಪ್ರಚೋದಿಸಿರಬೇಕಾಗಿಯೂ ಇಲ್ಲ. ಕಳ್ಳ ಬರುವ ಹೊತ್ತಿಗೆ ಕಾವಲುಗಾರ ಬೇಕೆಂದೇ ಕಣ್ಣು ಮುಚ್ಚಿದರೆ ಸಾಕು, ಅವನು ಶಾಮೀಲು.

ವಿಚಿತ್ರವೆಂದರೆ ಕುಮ್ಮಕ್ಕು, ಶಾಮೀಲುಗಳಿಗೆ ಮೂಲದಲ್ಲಿ ಯಾವ ಕಳಂಕವೂ ಇರಲಿಲ್ಲ. ಅರಬಿಯ ‘ಶಾಮಿಲ್’ ಎಂದರೆ ಒಳಗೊಂಡ ಎಂದಷ್ಟೇ ಅರ್ಥ. ‘ಕುಮಕ್’ ತುರ್ಕಿ ಮೂಲದ್ದು; ನೆರವು ಎಂದು ಅದರ ಅರ್ಥ. ಪದಗಳು ಕೆಡಲಿಲ್ಲ. ನಾವು ಸೇರಿದ ಕಡೆ, ನೆರವಾದ ಕಡೆ ಕೆಟ್ಟದಿತ್ತು.

ಒಂದು ನಿಕಾಹ್ ಮಜ್ಲಿಸನ್ನು ನೆನಪಿಸಿಕೊಳ್ಳಿ. ವರನು ನೀಡುವ ಮಹ್ರ್ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಹಿಂದಿನ ರಾತ್ರಿ ವಧುವಿನ ತಂದೆ ಸಾಲ ಮಾಡಿ ತಲುಪಿಸಿದ ಹಣ ಎಲ್ಲಿಯೂ ದಾಖಲಾಗುವುದಿಲ್ಲ. ಆದರೆ ದಲ್ಲಾಳಿಗೆ ಗೊತ್ತು, ಸಾಕ್ಷಿಗಳಿಗೆ ಗೊತ್ತು, ಕಮಿಟಿಯವರಿಗೆ ಗೊತ್ತು, ಬಿರಿಯಾನಿ ಉಂಡ ನಮಗೂ ಗೊತ್ತು. ಇದನ್ನು ನಾವು ‘ಸಂಪ್ರದಾಯ’ ಎನ್ನುತ್ತೇವೆ, ‘ಉಡುಗೊರೆ’ ಎನ್ನುತ್ತೇವೆ. ಶಾಮೀಲು ಎಂಬ ಪದ ಮಾತ್ರ ನಮ್ಮ ನಾಲಗೆಗೆ ಬರುವುದಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೊಡುವವರು, ಪಡೆಯುವವರು ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ನೀಡುವವರೂ ಅಪರಾಧಿಗಳು. ಶರೀಅತ್‌ನ ದೃಷ್ಟಿ ಇನ್ನೂ ಆಳವಾದುದು. ಬಡ್ಡಿಯ ವಿಷಯದಲ್ಲಿ ಪ್ರವಾದಿವರ್ಯರು(ಸ) ತಿನ್ನುವವನನ್ನಷ್ಟೇ ಶಪಿಸಲಿಲ್ಲ. ಕೊಡುವವನನ್ನು, ಪತ್ರ ಬರೆಯುವವನನ್ನು, ಇಬ್ಬರು ಸಾಕ್ಷಿಗಳನ್ನೂ ಸಮಾನರೆಂದು ಪರಿಗಣಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಲೇಖನಿ ಹಿಡಿದವನಿಗೂ ಬಿಡುಗಡೆಯಿಲ್ಲವೆಂದಾದರೆ, ಬಾಯಿ ಮುಚ್ಚಿ ಕುಳಿತವರು ತಮ್ಮನ್ನು ತಾವೇ ವಿಚಾರಿಸಿಕೊಳ್ಳಬೇಡವೇ?

ಪವಿತ್ರ ಕುರ್‌ಆನ್ ಗುಟ್ಟಿನ ಮಾತನ್ನೆಲ್ಲ ನಿಷೇಧಿಸಿಲ್ಲ. ದಾನ, ಒಳಿತು, ಜನರ ನಡುವೆ ಸಂಧಾನ – ಇವುಗಳಿಗಾಗಿ ನಡೆಯುವ ಗುಪ್ತಾಲೋಚನೆಯಲ್ಲಿ ಒಳಿತಿದೆಯೆಂದು ಅನ್ನಿಸಾ ಅಧ್ಯಾಯದ 114ನೇ ಸೂಕ್ತ ಕಲಿಸುತ್ತದೆ. ಪುಣ್ಯದಲ್ಲಿ ಸಹಕರಿಸಿ, ಪಾಪದಲ್ಲಿ ಸಹಕರಿಸಬೇಡಿರೆಂಬುದು ಅಲ್‌ಮಾಇದ ಅಧ್ಯಾಯದ 2ನೇ ಸೂಕ್ತದ ಆಶಯ. ಸಹಕಾರ ಒಂದೇ, ದಿಕ್ಕು ಬೇರೆ.

ನಿಮ್ಮ ಸಹೋದರ ಅಕ್ರಮಿಯಾಗಿದ್ದರೂ ಅವನಿಗೆ ನೆರವಾಗಿರಿ ಎಂದು ಪ್ರವಾದಿವರ್ಯರು(ಸ) ಬೋಧಿಸಿದಾಗ ಸಂಗಾತಿಗಳು ಅಚ್ಚರಿಪಟ್ಟು ‘ಹೇಗೆ?’ ಎಂದು ಕೇಳಿದರು. ಅವನ ಕೈ ಹಿಡಿದು ಅಕ್ರಮದಿಂದ ತಡೆಯುವುದೇ ನೆರವು ಎಂಬ ಉತ್ತರ ಬಂತು. ಆದ್ದರಿಂದ ಮುಂದಿನ ನಿಕಾಹ್‌ನ ಆಮಂತ್ರಣ ಬಂದಾಗ ಮೊದಲು ವರನ ಮನೆಗೆ ಹೋಗಿ, ಒಬ್ಬರೇ ಕುಳಿತು, ಗುಟ್ಟಾಗಿಯೇ ಹೇಳಿರಿ: ಪಡೆದಿದ್ದರೆ ಮರಳಿಸಿ.

ಆ ಗುಟ್ಟಿನಲ್ಲಿ ನಾವೆಲ್ಲರೂ ಶಾಮೀಲಾಗೋಣ.