ಬಣ್ಣದ ಕಿರೀಟಕ್ಕೆ ಬೆಲೆ

ಪ್ರತಿಕೃತಿಯೆಂದರೆ ನಮಗೆ ಒಂದು ಬಗೆಯ ತಾತ್ಸಾರ. ಮೂಲಕ್ಕೆ ಮಣೆ, ನಕಲಿಗೆ ನಗೆ. ಇದು ಲೋಕದ ರೂಢಿ. ಆದರೆ ರಂಗಭೂಮಿಯ ಹಾಗೂ ಚಲನಚಿತ್ರದ ಪ್ರಪಂಚಕ್ಕೆ ಕಾಲಿಟ್ಟೊಡನೆ ಈ ರೂಢಿ ತಲೆಕೆಳಗಾಗುತ್ತದೆ. ಅಲ್ಲಿ ಚಕ್ರವರ್ತಿಯ ಕಿರೀಟ ರಟ್ಟಿನದು, ವಜ್ರ ಗಾಜಿನದು, ಖಡ್ಗ ಕಟ್ಟಿಗೆಯದು. ಮೂಲವೆಂದು ನಾವು ಕರೆಯುವುದೇ ಅಲ್ಲಿ ಒಂದು ನಕಲು. ಹಾಗಿರುವಾಗ ಆ ನಕಲನ್ನು ನೋಡಿ ಮಾಡಿದ ಮತ್ತೊಂದು ನಕಲಿಗೆ ಬೆಲೆ ಏನು? ಅದನ್ನು ಮಾರಬಹುದೆ, ಇಟ್ಟುಕೊಳ್ಳಬೇಕೆ? ಕೇಳುವುದಕ್ಕೆ ಇದು ಪಂಡಿತರ ವಿನೋದದಂತೆ ತೋರೀತು. ನಮ್ಮ ಮನೆತನಕ್ಕೆ ಮಾತ್ರ ಇದು ನಿಜವಾದ ಪ್ರಶ್ನೆಯಾಗಿ ಬಂದಿತು.

ಈ ವಸ್ತುಗಳು ನಮ್ಮ ಶಾಸ್ತ್ರಕಾರರ ಕಣ್ಣಿಗೆ ಕ್ಷುಲ್ಲಕವಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಭರತಮುನಿ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ವಿವರಿಸುವಾಗ ರಂಗದ ಮೇಲಿನ ಕೃತಕ ವಸ್ತುಗಳಿಗೆ ‘ಪುಸ್ತ’ ಎಂಬ ಹೆಸರು ಕೊಟ್ಟು, ಸಂಧಿಮ, ವ್ಯಾಜಿಮ, ವೇಷ್ಟಿಮ ಎಂದು ಮೂರು ವಿಧ ಹೇಳುತ್ತಾನೆ. ಕೂಡಿಸಿ ಕಟ್ಟಿದ್ದು, ಯಂತ್ರದಿಂದ ಚಲಿಸುವುದು, ಸುತ್ತಿ ಮಾಡಿದ್ದು ಎಂದು ಇವುಗಳ ಸ್ಥೂಲಾರ್ಥ. ಆಯುಧ, ಆಭರಣಗಳನ್ನು ಭಾರವಾದ ಲೋಹದಿಂದ ಮಾಡಬಾರದು, ನಟ ಆಯಾಸಗೊಳ್ಳುತ್ತಾನೆ. ಬಿದಿರು, ಅರಗು, ಬಟ್ಟೆಗಳಂಥ ಹಗುರವಾದ ವಸ್ತುಗಳೇ ಯೋಗ್ಯವೆಂಬುದು ಅವನ ಅಭಿಮತ. ಅಂದರೆ ರಂಗದ ಕಿರೀಟ ಬಂಗಾರದ್ದಲ್ಲವೆಂಬುದು ಅದರ ಕೊರತೆಯಲ್ಲ. ಹಾಗಿರುವುದೇ ಅದರ ಲಕ್ಷಣ.

ಬಾಗಲಕೋಟೆ ಜಿಲ್ಲೆಗೂ ಈ ಬಣ್ಣದ ಲೋಕಕ್ಕೂ ಇರುವ ನಂಟು ಹಳೆಯದು. ‘ಗದಾಯುದ್ಧ’ವನ್ನು ಬರೆದ ರನ್ನ ಮುದುವೊಳಲಿನವನು, ಇಂದಿನ ಮುಧೋಳದವನು. ‘ರಕ್ತರಾತ್ರಿ’ಯನ್ನು ಬರೆದ ಕಂದಗಲ್ಲ ಹನುಮಂತರಾಯರು ಇಳಕಲ್ಲಿನ ಹತ್ತಿರದ ಕಂದಗಲ್ಲಿನವರು. ಹಿಂದೀ ಚಿತ್ರಗಳಲ್ಲಿ ಹಾಡಿ ನಾಡಿಗೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿಯವರ ಊರು ಬೀಳಗಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ವೃತ್ತಿನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಜಾತ್ರೆಯಲ್ಲಿ ಕಂಪನಿಯ ನಾಟಕ ನೋಡಿದ ಹಳ್ಳಿಯ ತರುಣರು ಯುಗಾದಿಗೋ ಊರ ದೇವರ ಜಾತ್ರೆಗೋ ತಾವೇ ಬಣ್ಣ ಹಚ್ಚಿಕೊಳ್ಳುವುದು ನಮ್ಮ ಕಡೆಯ ಸಂಪ್ರದಾಯ.

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಕುಳಗೇರಿ ಕ್ರಾಸಿನಲ್ಲಿ ನನ್ನ ಅಣ್ಣ ನೆಲೆಸಿದ್ದ. ವೃತ್ತಿಯಿಂದ ಚಿತ್ರಕಲೆಯ ಮಾಸ್ತರ. 1967ರಲ್ಲಿ ಡಾ. ರಾಜಕುಮಾರರ ‘ಇಮ್ಮಡಿ ಪುಲಿಕೇಶಿ’ ಚಿತ್ರ ಬಂದಾಗ ಅವನು ಹತ್ತೊಂಬತ್ತರ ತರುಣ. ತಮ್ಮ ನೆಲದ ಅರಸನನ್ನು ಬೆಳ್ಳಿತೆರೆಯ ಮೇಲೆ ಕಂಡ ಉತ್ಸಾಹದಲ್ಲಿ ಚಿತ್ರವನ್ನು ಮತ್ತೆ ಮತ್ತೆ ನೋಡಿ, ಆ ಕಿರೀಟದ ರೇಖೆಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದ. ನಮ್ಮ ಕಡೆಯ ಹೆಣ್ಣುಮಕ್ಕಳು ರದ್ದಿ ಕಾಗದವನ್ನೂ ಮೆಂತ್ಯವನ್ನೂ ನೆನೆಸಿ ಅರೆದು ಬುಟ್ಟಿ ಮಾಡುವುದನ್ನು ನೀವು ಬಲ್ಲಿರಿ. ಅದೇ ಹದದಲ್ಲಿ ಕಿರೀಟವನ್ನು ಕಟ್ಟಿ, ಬೇಗಡೆ ಅಂಟಿಸಿದ. ಅಲ್ಲಿಂದ ಮೊದಲಾದ ಈ ಗೀಳು ಕೊನೆಯವರೆಗೂ ಬಿಡಲಿಲ್ಲ. ‘ಮಯೂರ’ನ ಖಡ್ಗ, ‘ಬಭ್ರುವಾಹನ’ನ ಬಿಲ್ಲು, 2019ರ ‘ಕುರುಕ್ಷೇತ್ರ’ವನ್ನು ನೋಡಿ ಮುಪ್ಪಿನಲ್ಲಿ ಮಾಡಿದ ಸುಯೋಧನನ ಗದೆ; ಹೀಗೆ ಒಟ್ಟು 41 ವಸ್ತುಗಳು. ಸುತ್ತಲಿನ ಹಳ್ಳಿಗಳ ಹವ್ಯಾಸಿ ನಾಟಕದವರು ಬಂದು ಕೇಳಿದರೆ ಬಾಡಿಗೆಯಿಲ್ಲದೆ ಕೊಡುತ್ತಿದ್ದ. ಮುರಿದು ತಂದರೆ ಬೈದು, ಮತ್ತೆ ಜೋಡಿಸಿಡುತ್ತಿದ್ದ.

ಅಣ್ಣ ತೀರಿಕೊಂಡು ಮೂರು ವರ್ಷಗಳಾದುವು. ಮನೆಯ ಪಡಸಾಲೆಯ ಅರ್ಧವನ್ನು ಈ ಸಾಮಗ್ರಿಯೇ ಆಕ್ರಮಿಸಿದೆ. ಮೆಂತ್ಯದ ವಾಸನೆಗೆ ಇಲಿ, ರಟ್ಟಿಗೆ ಗೆದ್ದಲು. ಅತ್ತಿಗೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಾಗಿದೆ. ಕುಟುಂಬ ಪಿಂಚಣಿ ದೈನಂದಿನ ಖರ್ಚಿಗಷ್ಟೇ ಸಾಲುತ್ತದೆ. ಇಂಥ ಹೊತ್ತಿನಲ್ಲಿ ದೂರದ ನಗರದ ವ್ಯಾಪಾರಿಯೊಬ್ಬರು ಬಂದರು. ಪ್ರವಾಸಿಗಳು ತಂಗುವ ಒಂದು ವಿಹಾರಗೃಹದ ಗೋಡೆಗಳನ್ನು ಸಿಂಗರಿಸಲು ಅವರಿಗೆ ಇಂಥ ವಸ್ತುಗಳು ಬೇಕಾಗಿದ್ದುವು. ಎಲ್ಲವನ್ನೂ ನೋಡಿ, ಇಡಿಯಾಗಿ 80,000 ರೂಪಾಯಿ ಕೊಡುವೆನೆಂದರು. ಅನಂತರ ಸ್ವರ ತಗ್ಗಿಸಿ ಇನ್ನೊಂದು ಮಾತನ್ನೂ ಆಡಿದರು: ಕಿರೀಟ, ಖಡ್ಗ, ಬಿಲ್ಲುಗಳು ಚಿತ್ರೀಕರಣದಲ್ಲಿ ಬಳಕೆಯಾದ ಮೂಲ ವಸ್ತುಗಳೆಂದು ನಾನೊಂದು ಪತ್ರ ಬರೆದುಕೊಟ್ಟರೆ ಮೊಬಲಗು ಮೂರು ಲಕ್ಷವಾಗುವುದು. ನಿವೃತ್ತ ಪ್ರಾಧ್ಯಾಪಕನ ರುಜುವಿಗೆ ಅಷ್ಟು ತೂಕವಿದೆಯೆಂದು ನನಗೆ ಅಂದೇ ತಿಳಿದದ್ದು.

ಈ ಬೆಲೆಯ ತರ್ಕ ಅರ್ಥವಾಗಬೇಕಾದರೆ ಹೊರಗಿನ ಒಂದು ನಿದರ್ಶನ ನೋಡಬೇಕು. 1939ರ ಅಮೆರಿಕೆಯ ಚಿತ್ರ ‘ದಿ ವಿಝರ್ಡ್ ಆಫ್ ಆಝ್’ನಲ್ಲಿ ಬಾಲನಟಿ ಜೂಡಿ ಗಾರ್ಲೆಂಡ್ ಮೆಟ್ಟಿದ ಕೆಂಪು ಪಾದರಕ್ಷೆಗಳಿವೆ. ಮಾಣಿಕ್ಯದವೆಂದು ಹೆಸರು, ಹೊಲಿದಿರುವುದು ಹೊಳಪಿನ ಬಿಲ್ಲೆಗಳನ್ನು. 1970ರಲ್ಲಿ ಚಿತ್ರಸಂಸ್ಥೆ ತನ್ನ ಉಗ್ರಾಣವನ್ನು ಹರಾಜು ಹಾಕಿದಾಗ ಒಂದು ಜೊತೆ 15,000 ಡಾಲರಿಗೆ ಹೋಯಿತು. ಇನ್ನೊಂದು ಜೊತೆ 2005ರಲ್ಲಿ ಒಂದು ಸಂಗ್ರಹಾಲಯದಿಂದ ಕಳುವಾಗಿ, 2018ರಲ್ಲಿ ಸಿಕ್ಕಿ, 2024ರ ಡಿಸೆಂಬರಿನಲ್ಲಿ 2 ಕೋಟಿ 80 ಲಕ್ಷ ಡಾಲರಿಗೆ ಹರಾಜಾಯಿತು. ಇದೇ ಪಾದರಕ್ಷೆಯ ಪ್ರತಿಕೃತಿಯನ್ನು ಯಾರು ಬೇಕಾದರೂ ಅಲ್ಪ ಬೆಲೆಗೆ ಮಾಡಿಸಬಹುದು. ಹಾಗಾದರೆ ಕೊಂಡವರು ಕೊಂಡದ್ದೇನನ್ನು? ಬಿಲ್ಲೆಗಳನ್ನಲ್ಲ, ‘ಇದನ್ನು ಆ ನಟಿ ಮೆಟ್ಟಿದ್ದಳು’ ಎಂಬ ಒಂದು ಸಂಗತಿಯನ್ನು. ಆ ಸಂಗತಿ ಸುಳ್ಳಾದರೆ ಕೈಯಲ್ಲಿ ಉಳಿಯುವುದು ಹಳೆಯ ಜೋಡು ಮಾತ್ರ. ವ್ಯಾಪಾರಿ ನನ್ನಿಂದ ಕೊಳ್ಳಬಯಸಿದ್ದು ಅಣ್ಣನ ಕಿರೀಟವನ್ನಲ್ಲ, ನನ್ನ ಒಂದು ಸಾಲನ್ನು.

ಇದರಲ್ಲಿ ಕಾಣದ ಇನ್ನೊಂದು ಹಾನಿಯೂ ಇದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯನಾಯ್ಡುಗಳು ಇಂದ್ರಜಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಮೂಲ ನಾಶವಾದೆಡೆಯಲ್ಲಿ ಇತಿಹಾಸಕಾರನಿಗೆ ಛಾಯಾಚಿತ್ರ, ಜಾಹೀರಾತು, ನೋಡಿದವರ ನೆನಪು, ಯಾರೋ ಮಾಡಿಟ್ಟ ಪ್ರತಿಕೃತಿ, ಇವೇ ಆಧಾರ. ಪ್ರತಿಕೃತಿ ತಾನು ಪ್ರತಿಕೃತಿಯೆಂದು ಹೇಳಿಕೊಂಡಷ್ಟು ಕಾಲ ಅದು ಸಾಕ್ಷಿ. ಮೂಲವೆಂದು ಹೇಳಿಕೊಂಡ ಕ್ಷಣದಿಂದ ಅದು ಕೂಟಸಾಕ್ಷಿ. ಅಣ್ಣನ ಕಿರೀಟ ಹೇಳುವ ನಿಜವಾದ ಕಥೆಯೂ ಸಣ್ಣದಲ್ಲ: ಒಂದು ಚಲನಚಿತ್ರ ಹಳ್ಳಿಗಾಡಿನ ಒಬ್ಬ ತರುಣನ ಕೈಗೆ ಏನು ಕೆಲಸ ಕೊಟ್ಟಿತು, ತೆರೆಯ ಮೇಲಿನ ಪುಲಿಕೇಶಿ ಹೇಗೆ ಹಳ್ಳಿಯ ಅಟ್ಟದ ಮೇಲೆ ಇಳಿದುಬಂದ ಎಂಬುದು. ಸುಳ್ಳು ಪತ್ರ ಬರೆದರೆ ಆ ಕಥೆ ಅಳಿಸಿಹೋಗುತ್ತದೆ. ಮಾಡಿದವನ ಹೆಸರೂ ಅದರೊಡನೆ ಹೋಗುತ್ತದೆ.

ಆದರೂ ಮೊಣಕಾಲ ನೋವು ನನ್ನದಲ್ಲ, ಅತ್ತಿಗೆಯವರದು. ಇನ್ನೊಬ್ಬರ ಕಷ್ಟದ ಮೇಲೆ ನಿಂತು ನೀತಿ ನುಡಿಯುವುದು ಸುಲಭ. ಆದಕಾರಣ ಎರಡು ಮೊತ್ತಗಳನ್ನೂ, ಅವುಗಳ ನಡುವಣ ಷರತ್ತನ್ನೂ ಅವರ ಮುಂದಿಟ್ಟೆ. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ. “ಇದ್ದದ್ದನ್ನ ಇದ್ದಂಗ ಬರದಕೊಡ್ರಿ. ಕೊಂಡ್ರ ಕೊಳ್ಳಲಿ, ಬಿಟ್ರ ಬಿಡಲಿ. ಅವರು ಕೈಯಾರೆ ಮಾಡಿದ್ದನ್ನ ಮತ್ತೊಬ್ಬರು ಮಾಡ್ಯಾರಂತ ನಾ ಹೆಂಗ ಹೇಳ್ಲಿ?” ಎಂದರು.

ಅಲ್ಲಿಂದ ಮುಂದಿನ ನಿರ್ಣಯ ಕಠಿನವಾಗಲಿಲ್ಲ. 41 ವಸ್ತುಗಳನ್ನೂ ಮೂರು ಪಾಲು ಮಾಡಿದೆವು. ಇಂದಿಗೂ ನಾಟಕದವರು ಕೇಳಿಕೊಂಡು ಬರುವ 11 ವಸ್ತುಗಳು ಹಳ್ಳಿಯ ಕಲಾವಿದರಿಗೇ ಸಂದುವು. ಬಳಸುವವನ ಕೈಯಲ್ಲಿ ಅವು ಸವೆಯುತ್ತವೆ, ನಿಜ. ಆದರೆ ಸವೆಯಲೆಂದೇ ಅವುಗಳನ್ನು ಮಾಡಿದ್ದು. ಪುಲಿಕೇಶಿಯ ಕಿರೀಟವನ್ನೂ, ಅದರ ರೇಖೆಗಳಿರುವ ನೋಟುಬುಕ್ಕನ್ನೂ ಮನೆಯಲ್ಲಿಯೇ ಇಟ್ಟುಕೊಂಡೆವು. ಉಳಿದ 29ನ್ನು ಮಾರುವುದೆಂದಾಯಿತು. ಗೆದ್ದಲಿಗೆ ಒಪ್ಪಿಸಿ ‘ಉಳಿಸಿಕೊಂಡಿದ್ದೇವೆ’ ಎಂದು ಹೆಮ್ಮೆಪಡುವುದಕ್ಕಿಂತ, ಗೋಡೆಯ ಮೇಲಾದರೂ ನಾಲ್ಕು ಜನರ ಕಣ್ಣಿಗೆ ಬೀಳುವುದು ಲೇಸು.

ಪ್ರತಿಯೊಂದು ವಸ್ತುವಿಗೂ ಪಟ್ಟಿಯಲ್ಲಿ ಒಂದು ಸಾಲು ಬರೆದೆ: ಯಾವ ಚಿತ್ರವನ್ನು ನೋಡಿ, ಯಾವ ವರ್ಷ, ಯಾವ ಸಾಮಗ್ರಿಯಿಂದ, ಯಾರು ಮಾಡಿದ್ದು. ಮೇಲೆ ‘ಪ್ರತಿಕೃತಿಗಳು’ ಎಂಬ ತಲೆಬರಹ, ಕೆಳಗೆ ನನ್ನ ರುಜು. ವ್ಯಾಪಾರಿಯವರು ಮುಖ ಸಪ್ಪಗೆ ಮಾಡಿಕೊಂಡರಾದರೂ ಪಟ್ಟಿಯನ್ನು ಸ್ವೀಕರಿಸಿ 55,000 ರೂಪಾಯಿ ಎಣಿಸಿದರು. ಚಿಕಿತ್ಸೆಗೆ ಅದು ಸಾಲದು. ಉಳಿದುದನ್ನು ಮನೆಯವರೆಲ್ಲ ಕೂಡಿ ಹೊಂದಿಸುತ್ತಿದ್ದೇವೆ.

ಕೇಳುಗರಲ್ಲಿ ಹಲವರ ಅಟ್ಟದ ಮೇಲೆ ಇಂಥ ಒಂದು ಪೆಟ್ಟಿಗೆ ಇದ್ದೀತು: ಅಜ್ಜನ ನಾಟಕದ ಪೋಷಾಕು, ಅಪ್ಪ ಬರೆದ ಪರದೆ, ಹಾರ್ಮೋನಿಯಂ, ಹಳೆಯ ಭಿತ್ತಿಪತ್ರ. ಮಾರುವುದೋ ಇಡುವುದೋ ಅವರವರ ಮನೆಯ ಸ್ಥಿತಿಗೆ ಬಿಟ್ಟದ್ದು. ಹೊರಗಿನವರು ತೀರ್ಪು ಕೊಡಲಾಗದು. ಆದರೆ ಪೆಟ್ಟಿಗೆ ಹೊಸ್ತಿಲು ದಾಟುವ ಮುನ್ನ ಒಂದು ಹಾಳೆಯ ಮೇಲೆ ಅದರ ನಿಜವಾದ ವಿವರ ಬರೆಯಿರಿ. ಒಂದು ಪ್ರತಿ ಕೊಂಡವರಿಗೆ, ಒಂದು ಪ್ರತಿ ಮನೆಗೆ. ತಿಳಿದವರು ಇರುವಾಗಲೇ ಬರೆಯಿರಿ. ನಮ್ಮ ಪಟ್ಟಿಯಲ್ಲಿ ಏಳು ವಸ್ತುಗಳ ಮುಂದಿನ ವರ್ಷದ ಜಾಗ ಖಾಲಿ ಉಳಿದಿದೆ. ಅದನ್ನು ಹೇಳಬಲ್ಲವನಾಗಿದ್ದವನು ಅಣ್ಣನೊಬ್ಬನೇ.