ದಿಂಹಟ್ಟಿಯ ಹಳೆಯ ಹಾದಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನೀಲಗಿರಿಯ ಚರಿತ್ರೆಯೆಂದರೆ ಉದಕಮಂಡಲದ ಚರಿತ್ರೆಯೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೆರೆಯೂ ಉದ್ಯಾನವೂ ರೈಲೂ ಅಲ್ಲಿರುವುದರಿಂದ, ಆದಿಯೂ ಅಲ್ಲಿಯೇ ಎಂದು ತಿಳಿಯುತ್ತೇವೆ. ಆದರೆ ಕೊಯಮತ್ತೂರಿನ ಬಯಲಿನಿಂದ ಆಂಗ್ಲ ಸರಕಾರವು ಮೊದಲು ಕಡಿಸಿದ ಹಾದಿ ಬಂದು ಸೇರಿದುದು ಕೋಟಗಿರಿಯ ಮಗ್ಗುಲಿನ ದಿಂಹಟ್ಟಿ ಎಂಬ ಸಣ್ಣ ಊರಿಗೆ.

ಊರಿನ ಹೆಸರನ್ನೇ ಗಮನಿಸಿರಿ. ಹಟ್ಟಿ ಎಂಬುದು ನಮ್ಮ ಮಾತು. ಉತ್ತರದ ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದವರೆಂದು ಬಡಗರಿಗೆ ಆ ಹೆಸರು ನಿಂತಿತು. ಅವರ ನುಡಿಗೆ ತನ್ನದೇ ಆದ ನಡೆಯುಂಟು. ಆದರೂ ಕನ್ನಡಕ್ಕೆ ಅದು ಒಡಹುಟ್ಟಿನಷ್ಟು ಹತ್ತಿರ. 1603ರಲ್ಲಿ ಫೆನಿಚಿಯೊ ಎಂಬ ಪಾದ್ರಿಯು ಈ ಬೆಟ್ಟವನ್ನೇರಿದಾಗಲೇ ಬಡಗರ ಊರುಗಳು ಇಲ್ಲಿದ್ದುವು. ಆದ ಕಾರಣ ಈ ನಾಡನ್ನು ಯಾರೋ 'ಕಂಡುಹಿಡಿದರು' ಎಂಬ ಮಾತನ್ನು ನಾವು ಎಚ್ಚರಿಕೆಯಿಂದ ಕೇಳಬೇಕು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವನ್ನೇರಿ ಬಂದು, ಇಲ್ಲಿಯ ತಂಪು ಹವೆಗೆ ಮನಸೋತನು. ಅದೇ ವರ್ಷ ಕಾಯಿಲೆಯಿಂದ ಬಳಲಿ ಬಂದ ಫ್ರಾನ್ಸಿನ ಸಸ್ಯವಿಜ್ಞಾನಿ ಲೆಶೆನೋ ಇಲ್ಲಿ ಚೇತರಿಸಿಕೊಂಡನು. ನೈರುತ್ಯದ ಮಳೆಗಾಳಿಗೆ ದೊಡ್ಡಬೆಟ್ಟದ ಸಾಲು ಅಡ್ಡ ನಿಲ್ಲುವುದರಿಂದ ಕೋಟಗಿರಿಯ ಕಡೆ ಹವೆ ಸೌಮ್ಯವಾದುದು. ರೋಗಿಗಳಿಗೆ ಅದೇ ಔಷಧವಾಯಿತು.

ಆದರೆ ಬರುವ ಬಗೆ ಹೇಗೆ? ತಪ್ಪಲಿನ ಕಾಡೆಂದರೆ ಜ್ವರದ ಕಾಡು. 1821ರಲ್ಲಿ ಲೆಫ್ಟಿನೆಂಟ್ ಇವಾನ್ಸ್ ಮ್ಯಾಕ್‌ಫರ್ಸನ್ ಎಂಬವನಿಗೆ ಹಾದಿಯ ಕೆಲಸವನ್ನು ವಹಿಸಲಾಯಿತು. ಭವಾನಿ ನದಿಯ ಬಳಿಯ ಸಿರುಮುಗೈಯಿಂದ ಹೊರಟ ಆ ಹಾದಿ 1823ರಲ್ಲಿ ಮುಗಿಯಿತು. ಅದು ಕುದುರೆ ನಡೆಯುವಷ್ಟರ ಹಾದಿಯೇ ಹೊರತು ಬಂಡಿಯ ದಾರಿಯಲ್ಲ. ಆದರೂ ಸುಮಾರು ಹತ್ತು ವರ್ಷ ಕಾಲ ಕೊಯಮತ್ತೂರಿನ ಕಡೆಯಿಂದ ಬೆಟ್ಟಕ್ಕೆ ಅದೇ ಹೆಬ್ಬಾಗಿಲು. ದಿಂಹಟ್ಟಿಯಲ್ಲಿ ಬಂಗಲೆಗಳೆದ್ದುವು, ಆರೋಗ್ಯವನ್ನರಸಿ ಬಂದವರು ತಂಗಿದರು.

ಈ ಏಳಿಗೆ ಉಳಿಯಲಿಲ್ಲ. ಹಾದಿ ಮುಗಿಯುವ ಮೊದಲೇ ಸಲಿವನ್ನನ ಮನಸ್ಸು ಉದಕಮಂಡಲದತ್ತ ತಿರುಗಿತ್ತು. 1822ರಲ್ಲಿ ಅಲ್ಲಿ ಅವನು 'ಸ್ಟೋನ್ ಹೌಸ್' ಕಟ್ಟಲು ತೊಡಗಿದನು. ಮುಂದೆ ಗವರ್ನರ್ ಲಷಿಂಗ್ಟನ್ನನ ಕಾಲದಲ್ಲಿ, 1830ರ ಸುಮಾರಿಗೆ, ಸೈನ್ಯದ ಪಯೋನಿಯರ್ ಪಡೆಯವರು ಕುನ್ನೂರಿನ ಘಾಟಿಯನ್ನು ಕಡಿದರು. ಜನರೂ ಸರಕೂ ಆ ಕಡೆ ಹರಿದುವು. 1870ರ ದಶಕದಲ್ಲಿ ಮೆಟ್ಟುಪಾಳ್ಯದಿಂದ ಹೊಸ ರಸ್ತೆ ಬಂದಾಗ ಬೆಳೆದುದು ಕೋಟಗಿರಿಯ ಪೇಟೆಯೇ ಹೊರತು ದಿಂಹಟ್ಟಿಯಲ್ಲ. 1899ರಲ್ಲಿ ಕುನ್ನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ರೈಲು ಬಂದ ಮೇಲೆ ಹಳೆಯ ಹೆಬ್ಬಾಗಿಲನ್ನು ನೆನೆವವರೇ ವಿರಳವಾದರು.

ಬಂಧುಗಳೇ, ಹಾದಿ ಬೆಳೆಸಿದ ಊರನ್ನು ಹಾದಿಯೇ ಕೈಬಿಟ್ಟ ಕಥೆ ಇದು. ಆದರೆ ಕೈಬಿಟ್ಟುದು ಯಾವ ಊರನ್ನು? ಬಿಡಾರ ಹೂಡಿ ಬಂದವರ ಊರನ್ನು. ಉತ್ತು ಬಿತ್ತಿ, ದನ ಸಾಕಿ, ಹೆತ್ತೆಯ ಹಬ್ಬ ನಡೆಸಿಕೊಂಡು ಬಂದ ಹಟ್ಟಿಗಳ ಬಾಳು ಹಾದಿಗಿಂತ ಹಿಂದಿನದು. ಹಾದಿ ಹೋದ ಮೇಲೂ ನಡೆಯಿತು.

ಸಮೀಪದ ಕನ್ನೇರಿಮುಕ್ಕಿನಲ್ಲಿರುವ ಸಲಿವನ್ನನ ಬಂಗಲೆಯನ್ನು ಜೀರ್ಣೋದ್ಧಾರ ಮಾಡಿ ಸ್ಮಾರಕವಾಗಿ ಉಳಿಸಿದ್ದಾರೆ. ಅದು ಸಂತೋಷದ ಸಂಗತಿ. ಕಲೆಕ್ಟರನ ನೆನಪಿಗೆ ಮನೆಯೊಂದು ದೊರೆಯಿತು. ಹಟ್ಟಿಯ ನೆನಪಿಗೆ ಮನೆಯೆಲ್ಲಿ? ಅದು ಅಜ್ಜ ಅಜ್ಜಿಯರ ನಾಲಗೆಯ ಮೇಲಿದೆ. ಹೊಲದ ಹೆಸರು, ಒರತೆಯ ಹೆಸರು, ಕಾಲುದಾರಿಯ ಹೆಸರು—ಇವು ಯಾವ ದಫ್ತರದಲ್ಲಿಯೂ ಅಷ್ಟು ಸುಲಭವಾಗಿ ಸಿಕ್ಕುವಂಥವಲ್ಲ. ಆಡುವ ನಾಲಗೆ ನಿಂತರೆ ಅವೂ ನಿಂತುಹೋಗುವುವು.

ಆದುದರಿಂದ ನನ್ನ ಬಿನ್ನಹ ಇಷ್ಟೇ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರದಿಂದ ಮೊದಲು ಬರೆಯಬೇಕಾದುದು ತಮ್ಮ ಹಿರಿಯರು ಹೇಳುವ ಈ ಹೆಸರುಗಳನ್ನು. ಮನೆಗೊಂದು ಪುಸ್ತಕವಿರಲಿ. ಗಡಿಯಾಚೆಯ ಕನ್ನಡಿಗನಿಗೆ ಇದಕ್ಕಿಂತ ಹಿರಿದಾದ ಆಸ್ತಿಯಿಲ್ಲ.