ಕಚೇರಿಯ ಪರದೆ, ಕಪಾಟಿನ ಬೀಗ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ. ಅವರು ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿದ್ದಾರೆ.)





ಒಳಗೆ ಬರುವಾಗ ಕಚೇರಿಯ ಗೋಡೆಯ ಮೇಲೆ ಒಂದು ಟಿ.ವಿ. ನೋಡಿರುತ್ತೀರಿ. ಅದರಲ್ಲಿ ಫೋಟೋಗಳು ಒಂದಾದ ಮೇಲೊಂದು ಬರುತ್ತಿವೆ. ಯಾರೂ ಪೆನ್‌ಡ್ರೈವ್ ಹಾಕುವುದಿಲ್ಲ, ರಿಮೋಟ್ ಒತ್ತುವುದಿಲ್ಲ. ದಮ್ಮಾಮಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ ತನ್ನ ಕೆಲಸದ ಜಾಗದ ಫೋಟೋ ಕಳುಹಿಸಿದರೆ ಅದೇ ದಿನ ಇಲ್ಲಿ ಕಾಣುತ್ತದೆ. ಅಂಗಡಿ, ಶಾಲೆ, ಆಸ್ಪತ್ರೆ ನಡೆಸುವ ನಿಮ್ಮಲ್ಲಿ ಕೆಲವರು, "ನಮ್ಮಲ್ಲಿಯೂ ಇಂಥದ್ದು ಹಾಕಬೇಕಲ್ಲ, ಹೇಗೆ?" ಎಂದು ಕಾರ್ಯದರ್ಶಿಯವರನ್ನು ಕೇಳಿದ್ದಾರಂತೆ. ಹಾಕಿದವನೇ ಹೇಳಲಿ ಎಂದು ಅವರು ನನ್ನನ್ನು ನಿಲ್ಲಿಸಿದ್ದಾರೆ.

ಹೇಗೆ ಹಾಕುವುದು ಎಂಬುದನ್ನು ಹೇಳುತ್ತೇನೆ. ಅದಕ್ಕಿಂತ ಮೊದಲು, ಇದನ್ನು ಹೇಗೆ ಹಾಕಬಾರದು ಎಂದು ನಾನು ಕಲಿತದ್ದನ್ನು ಹೇಳಬೇಕು. ಆ ತಪ್ಪು ಮಾಡಿದವನು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ಕಚೇರಿಯವರೆಲ್ಲ ಮಡಿಕೇರಿಗೆ ಪ್ರವಾಸ ಹೋಗಿ ಬಂದೆವು. ಸ್ವಾಗತ ಕೊಠಡಿಯ ಟಿ.ವಿ.ಯಲ್ಲಿ ಆ ಫೋಟೋಗಳು ಬರಲಿ ಎಂದು ಮ್ಯಾನೇಜರ್ ಹೇಳಿದರು. ಎಲ್ಲರಿಗಿಂತ ಚೆನ್ನಾಗಿ ಫೋಟೋ ತೆಗೆದದ್ದು ನಮ್ಮ ಕಚೇರಿಯ ಡ್ರೈವರ್. ಅವರ ಫೋನ್ ಇಸಿದುಕೊಂಡು, ಅವರ ಖಾತೆಯನ್ನು ಟಿ.ವಿ.ಗೆ ಜೋಡಿಸಿದೆ. ಪ್ರವಾಸದ ಆಲ್ಬಮ್ ಒಂದನ್ನೇ ಆರಿಸಬೇಕಿತ್ತು. ಸಂಜೆಯ ಅವಸರದಲ್ಲಿ "ಎಲ್ಲ ಫೋಟೋಗಳು" ಎಂಬುದನ್ನು ಒತ್ತಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅಬ್ಬಿ ಜಲಪಾತ ಬಂತು, ರಾಜಾಸೀಟು ಬಂತು. ಆಮೇಲೆ ಅವರ ಮಗಳ ಅಂಕಪಟ್ಟಿ ಬಂತು. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಬಂತು. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣ ಪತ್ರ ಬಂತು. ಹೆಂಡತಿಯ ಆಸ್ಪತ್ರೆಯ ಚೀಟಿಯೂ ಬಂತು. ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಅವರು ಇವನ್ನೆಲ್ಲ ಫೋನಿನಲ್ಲಿ ತೆಗೆದು ಇಟ್ಟುಕೊಂಡಿದ್ದರು. ಕಾಯುತ್ತ ಕುಳಿತ ಹೊರಗಿನವರ ಎದುರು, ಜೊತೆಗೆ ಕೆಲಸ ಮಾಡುವವರ ಎದುರು, ನಲವತ್ತಮೂರು ಅಂಗುಲದ ಪರದೆಯ ಮೇಲೆ ಅವು ಒಂದೊಂದೂ ಹತ್ತು ಹತ್ತು ಸೆಕೆಂಡ್ ನಿಂತವು. ಸ್ವಾಗತ ಕೊಠಡಿಯ ಹುಡುಗಿ ನನಗೆ ಫೋನ್ ಮಾಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಓಡಿಹೋಗಿ ಕ್ಷಮೆ ಕೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಆದಾಯದ ಕಾಗದವನ್ನೂ ನೋಡಿದರಾ?" ಎಂದಷ್ಟೇ ಕೇಳಿದರು. ಆಮೇಲೆ ಬಹಳ ದಿನ ಅವರು ನಮ್ಮ ಜೊತೆ ಕುಳಿತು ಊಟ ಮಾಡಲಿಲ್ಲ.

ಆ ಪ್ರಶ್ನೆ ನನ್ನನ್ನು ಯಾಕೆ ಅಷ್ಟು ಚುಚ್ಚಿತು ಎಂದರೆ, ಅದೇ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಉಮ್ಮ ಈ ಕಚೇರಿಯ ಮೆಟ್ಟಿಲು ಹತ್ತಿದ್ದರು. ಉಮ್ಮ ಬೀಡಿ ಕಟ್ಟುತ್ತಿದ್ದರು. ಕಾಗದ ಕೊಡುವಾಗ ಅವರ ಕೈ ನಡುಗಿದ್ದು ನನಗೆ ನೆನಪಿದೆ. ಮೇಜಿನ ಹಿಂದಿದ್ದ ಹಿರಿಯರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿ, ಫೈಲಿನೊಳಗೆ ಇಟ್ಟು, ಫೈಲನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದರು. "ಇನ್ನು ಇದು ನಮ್ಮ ಜವಾಬ್ದಾರಿ" ಎಂದರು. ನನ್ನ ಓದಿಗೆ ಈ ಟ್ರಸ್ಟ್ ಕೊಟ್ಟ ಹಣದಷ್ಟೇ ಆ ಬೀಗದ ಸದ್ದೂ ನನಗೆ ನೆನಪಿದೆ.

ಆದ್ದರಿಂದ ಕಾರ್ಯದರ್ಶಿಯವರು ಇಲ್ಲಿಯೂ ಒಂದು ಪರದೆ ಬೇಕು ಎಂದಾಗ, ಆ ಬೀಗ ಇದಕ್ಕೂ ಇರಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಶುರುಮಾಡಿದೆ. ನಾವು ಮಾಡಿದ್ದು ಹೀಗೆ.

ಮೊದಲನೆಯದು ಸಾಮಾನು. ಎಚ್‌ಡಿಎಂಐ ಕಿಂಡಿ ಇರುವ ಯಾವ ಟಿ.ವಿ.ಯಾದರೂ ಸಾಕು. ನಮ್ಮದು ದಾನಿಯೊಬ್ಬರು ಕೊಟ್ಟ ಹಳೆಯ ಟಿ.ವಿ. ಅದರ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಬ್ರಿಟನ್ನಿನವರು 2012ರಲ್ಲಿ ಹೊರತಂದದ್ದು ಅದು. ಸುಮಾರು ಎಟಿಎಂ ಕಾರ್ಡಿನ ಅಳತೆ. ಅದು ಇಲ್ಲದಿದ್ದರೆ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಕೂಡ ಆಗುತ್ತದೆ. ಒಂದು ಎಚ್ಚರಿಕೆ ಬೇಕು: ಈ ಪುಟ್ಟ ಕಂಪ್ಯೂಟರಿನಲ್ಲಿ ಎಲ್ಲವೂ ಒಂದು ಮೆಮೊರಿ ಕಾರ್ಡಿನ ಮೇಲೆ ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಆ ಕಾರ್ಡ್ ಕೆಡಬಹುದು. ಹಾಗಾಗಿ ಅದನ್ನು ಯುಪಿಎಸ್‌ಗೆ ಸೇರಿಸಿದ್ದೇವೆ.

ಎರಡನೆಯದು ಖಾತೆ. ಯಾರ ಸ್ವಂತ ಖಾತೆಯನ್ನೂ ಪರದೆಗೆ ಜೋಡಿಸಬೇಡಿ. ನನ್ನದೂ ಬೇಡ, ಅಧ್ಯಕ್ಷರದೂ ಬೇಡ. ಪರದೆಗೆಂದೇ ಒಂದು ಹೊಸ ಗೂಗಲ್ ಖಾತೆ ತೆರೆದೆವು. ಅದರ ಜೊತೆ 15 ಜಿಬಿ ಜಾಗ ಉಚಿತವಾಗಿ ಬರುತ್ತದೆ. ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟು. ನಮಗೆ ಅದು ಧಾರಾಳ. ಸಾಮಾನ್ಯ ಟಿ.ವಿ.ಯ ಪರದೆ 1920ಕ್ಕೆ 1080 ಚುಕ್ಕೆಗಳದ್ದು. ಫೋಟೋವನ್ನು ಆ ಅಳತೆಗೆ ಇಳಿಸಿದರೆ ಒಂದಕ್ಕೆ ಸುಮಾರು ಅರ್ಧ ಎಂಬಿ. ಇನ್ನೂರು ಫೋಟೋ ಇಟ್ಟರೂ 100 ಎಂಬಿ ಆಸುಪಾಸು.

ಮೂರನೆಯದು ಫೋಲ್ಡರ್. ಆ ಖಾತೆಯ ಡ್ರೈವ್‌ನಲ್ಲಿ ಎರಡು ಫೋಲ್ಡರ್ ಇವೆ. ಒಂದರ ಹೆಸರು "ಬಂದದ್ದು". ಇನ್ನೊಂದರ ಹೆಸರು "ಪರದೆಗೆ". ಹಳೆಯ ವಿದ್ಯಾರ್ಥಿಗಳು ಕಳುಹಿಸಿದ್ದೆಲ್ಲ ಮೊದಲನೆಯದರಲ್ಲಿ ಬೀಳುತ್ತದೆ. ಟಿ.ವಿ. ನೋಡುವುದು ಎರಡನೆಯದನ್ನು ಮಾತ್ರ. ಒಂದರಿಂದ ಇನ್ನೊಂದಕ್ಕೆ ಫೋಟೋ ತಾನಾಗಿ ಹೋಗುವುದಿಲ್ಲ. ಕಚೇರಿಯ ಸಹಾಯಕರು ದಿನಕ್ಕೊಮ್ಮೆ ಒಂದೊಂದನ್ನೂ ಕಣ್ಣಾರೆ ನೋಡಿ ಎತ್ತಿ ಇಡುತ್ತಾರೆ. ಆ ಡ್ರೈವರ್ ವಿಷಯದಲ್ಲಿ ಇಲ್ಲದೆ ಹೋದದ್ದು ಈ ಒಂದು ಹೆಜ್ಜೆ. ಪ್ರವಾಸದ ಫೋಟೋ ಯಾವುದು, ಆದಾಯದ ಕಾಗದ ಯಾವುದು ಎಂದು ಟಿ.ವಿ.ಗೆ ಗೊತ್ತಿರಲಿಲ್ಲ, ಎರಡೂ ಅದಕ್ಕೆ ಚಿತ್ರಗಳೇ. ಗೊತ್ತಿದ್ದವನು ನಾನು, ನಾನು ನೋಡಲಿಲ್ಲ.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹೊರಗಿನ ತಂತ್ರಾಂಶಗಳು ಗೂಗಲ್ ಫೋಟೋಸ್‌ನ ಇಡೀ ಸಂಗ್ರಹವನ್ನು ಓದುವ ದಾರಿಯನ್ನು ಗೂಗಲ್ 2025ರ ಮಾರ್ಚ್ 31ರಿಂದ ಮುಚ್ಚಿತು. ಈಗ ಬಳಕೆದಾರರು ಆರಿಸಿ ಕೊಟ್ಟದ್ದನ್ನು, ಇಲ್ಲವೇ ತಾವೇ ಹಾಕಿದ್ದನ್ನು ಮಾತ್ರ ಅವು ಓದಬಹುದು. ಅದಕ್ಕೆ ಮೊದಲಿನ ವಿಧಾನಗಳನ್ನು ಯಾರಾದರೂ ಹೇಳಿಕೊಟ್ಟರೆ ಅವು ಇಂದು ನಡೆಯದಿರಬಹುದು. ಡ್ರೈವ್‌ನ ಫೋಲ್ಡರನ್ನು ನಾವು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ನಾಲ್ಕನೆಯದು ಸಿಂಕ್. ಅಂದರೆ ಅಲ್ಲಿ ಇದ್ದದ್ದನ್ನು ಇಲ್ಲಿಗೂ ಸಮ ಮಾಡುವುದು. ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶ ಅರ್ಧ ಗಂಟೆಗೊಮ್ಮೆ "ಪರದೆಗೆ" ಫೋಲ್ಡರನ್ನು ನೋಡಿ, ಹೊಸದಿದ್ದರೆ ಇಳಿಸಿಕೊಳ್ಳುತ್ತದೆ, ಅಲ್ಲಿ ತೆಗೆದದ್ದನ್ನು ಇಲ್ಲಿಯೂ ಅಳಿಸುತ್ತದೆ. ಫೋಟೋಗಳ ಪ್ರತಿ ಇಲ್ಲೇ ಇರುವುದರಿಂದ ಇಂಟರ್ನೆಟ್ ಹೋದರೂ ಪರದೆ ನಿಲ್ಲುವುದಿಲ್ಲ. ಇದು ಒಂದೇ ದಿಕ್ಕಿನ ದಾರಿ: ಡ್ರೈವ್‌ನಿಂದ ಪರದೆಗೆ. ಟಿ.ವಿ.ಯ ಬಳಿ ಇರುವ ಪ್ರತಿಯನ್ನು ಯಾರಾದರೂ ಅಳಿಸಿದರೂ ಡ್ರೈವ್‌ನಲ್ಲಿರುವುದು ಅದರಿಂದ ಹಾಳಾಗುವುದಿಲ್ಲ. ಸಿಂಕ್ ಎಂದರೆ ಭದ್ರವಾಗಿ ಎತ್ತಿಟ್ಟಂತೆ ಎಂದು ಮಾತ್ರ ತಿಳಿಯಬೇಡಿ. ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಮೂಲ ಫೋಟೋಗಳ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಐದನೆಯದು ಸಣ್ಣಪುಟ್ಟ ತೊಡಕುಗಳು. ಐಫೋನುಗಳು 2017ರಿಂದ ಎಚ್‌ಇಐಸಿ ಎಂಬ ಬಗೆಯಲ್ಲಿ ಫೋಟೋ ಉಳಿಸುತ್ತವೆ. ಕೆಲವು ತಂತ್ರಾಂಶಗಳಿಗೆ ಅದು ತೆರೆಯುವುದಿಲ್ಲ. ಜೆಪೆಗ್‌ಗೆ ಬದಲಿಸಿ ಹಾಕಬೇಕು. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಫೋಟೋ ಟಿ.ವಿ.ಯಲ್ಲಿ ಎರಡೂ ಬದಿ ಕಪ್ಪು ಬಿಟ್ಟುಕೊಂಡು ಬರುತ್ತದೆ. ಅಡ್ಡ ಹಿಡಿದು ತೆಗೆಯಿರಿ. ಫೋನಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯ ಆನ್ ಇದ್ದರೆ, ಎಲ್ಲಿ ತೆಗೆದದ್ದು ಎಂಬ ಗುರುತು ಫೋಟೋದೊಳಗೇ ಸೇರಿರುತ್ತದೆ. ಪರದೆಯಲ್ಲಿ ಅದು ಕಾಣದು. ಆದರೆ ಮೂಲ ಫೋಟೋ ಕೈಗೆ ಸಿಕ್ಕಿದವರಿಗೆ ಮನೆಯ ಜಾಗ ಗೊತ್ತಾಗಬಹುದು. ಆದ್ದರಿಂದ ಫೋಲ್ಡರಿನ ಲಿಂಕನ್ನು "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂದು ಇಟ್ಟು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಬೇಕಾದವರ ಇಮೇಲ್ ಹೆಸರನ್ನು ಒಂದೊಂದಾಗಿ ಸೇರಿಸಿ.

ಇಷ್ಟೇ ತಾಂತ್ರಿಕ ಕೆಲಸ. ಕಂಪ್ಯೂಟರ್ ಬಲ್ಲ ಕಾಲೇಜು ಹುಡುಗ ಅಥವಾ ಹುಡುಗಿ ಒಂದು ಭಾನುವಾರ ಕುಳಿತರೆ ಮುಗಿಯುತ್ತದೆ. ನಮ್ಮಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಬೇರೊಂದು ಪ್ರಶ್ನೆಗೆ: ಈ ಪರದೆಯಲ್ಲಿ ಯಾರ ಮುಖ ಬರಬೇಕು?

ಟ್ರಸ್ಟಿನ ಸಭೆಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯ ಬಂತು. ಮಕ್ಕಳು ಚೆಕ್ ಪಡೆಯುವ ಫೋಟೋ ಹಾಕಿದರೆ ದಾನಿಗಳಿಗೆ ತಮ್ಮ ಹಣ ಎಲ್ಲಿ ಸೇರಿತು ಎಂದು ಕಣ್ಣಿಗೆ ಕಾಣುತ್ತದೆ, ನೋಡಿದವರಿಗೂ ಕೊಡುವ ಮನಸ್ಸಾಗುತ್ತದೆ ಎಂದು ಕೆಲವರು ಹೇಳಿದರು. ಆ ಮಾತಿನಲ್ಲಿ ತಪ್ಪಿಲ್ಲ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಇನ್ನೊಬ್ಬ ಹಿರಿಯರು ಕೇಳಿದರು: "ಆ ಮಗು ನಾಳೆ ಈ ಊರಿನಲ್ಲೇ ಬೆಳೆಯಬೇಕಲ್ಲ? ಕೆಲಸಕ್ಕೆಂದು ಇದೇ ಕಚೇರಿಗೆ ಬಂದ ನೆರೆಮನೆಯವರು ಅದನ್ನು ನೋಡಿದರೆ?" ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರು. ಪರದೆ ಎಂದರೆ ಊರಿಗೇ ತಿಳಿಸುವುದು.

ಕಾನೂನಿನ ಮಾತೂ ಬಂತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಆದರೆ ನಮ್ಮ ಹಿರಿಯರು ಕಾನೂನಿನ ಭಯಕ್ಕೆ ತೀರ್ಮಾನ ಮಾಡಲಿಲ್ಲ. ಹಣ ಕೊಡುವವರ ಎದುರು ನಿಂತ ತಾಯಿ "ಫೋಟೋ ಬೇಡ" ಎಂದು ಹೇಳುವುದು ಕಷ್ಟ, ಆದ್ದರಿಂದ ಅವಳು ಹೇಳಬೇಕಾದ ಪರಿಸ್ಥಿತಿಯನ್ನೇ ತರಬಾರದು ಎಂದು ತೀರ್ಮಾನಿಸಿದರು.

ಹಾಗಾಗಿ ಹೊರಗಿನ ಪರದೆಯಲ್ಲಿ ಚೆಕ್ ಪಡೆಯುವ ಮಗುವಿನ ಫೋಟೋ ನಿಮಗೆ ಕಾಣುವುದಿಲ್ಲ. ಓದು ಮುಗಿಸಿ, ಕೆಲಸ ಹಿಡಿದು, ತಾವಾಗಿಯೇ ಫೋಟೋ ಕಳುಹಿಸಿದವರು ಕಾಣುತ್ತಾರೆ: ಆಸ್ಪತ್ರೆಯ ಸಮವಸ್ತ್ರದಲ್ಲಿರುವ ನರ್ಸ್, ವರ್ಕ್‌ಶಾಪಿನಲ್ಲಿ ನಿಂತ ಮೆಕ್ಯಾನಿಕ್, ತರಗತಿಯ ಬೋರ್ಡಿನ ಮುಂದೆ ನಿಂತ ಟೀಚರ್. ಅವರಲ್ಲಿ ಯಾರಾದರೂ "ನನ್ನದು ತೆಗೆಯಿರಿ" ಎಂದರೆ ಕಾರಣ ಕೇಳುವುದಿಲ್ಲ. ಫೋಲ್ಡರಿನಿಂದ ತೆಗೆದರೆ ಅರ್ಧ ಗಂಟೆಯೊಳಗೆ ಪರದೆಯಿಂದಲೂ ಹೋಗುತ್ತದೆ.

ದಾನಿಗಳಲ್ಲಿ ನನ್ನ ಒಂದು ವಿನಂತಿ. ಇನ್ನು ಮುಂದೆ ನಿಮ್ಮ ಫೋನಿಗೆ ಮಕ್ಕಳ ಫೋಟೋ ಬರದಿದ್ದರೆ ಹಣ ತಲುಪಲಿಲ್ಲ ಎಂದು ತಿಳಿಯಬೇಡಿ. ಲೆಕ್ಕಪತ್ರ ಈ ವರದಿಯಲ್ಲಿದೆ. ಲೆಕ್ಕವನ್ನು ಎಷ್ಟು ಬೇಕಾದರೂ ಕೇಳಿ. ಮುಖವನ್ನು ಮಾತ್ರ ಕೇಳಬೇಡಿ.

ಅರ್ಜಿ ಹಾಕುವ ಮನೆಯವರಿಗೂ ಎರಡು ಮಾತು. ಕಾಗದಗಳನ್ನು ಕ್ಯಾಮೆರಾದಲ್ಲಿ ತೆಗೆದರೆ ಅವು ಮದುವೆ, ಪ್ರವಾಸದ ಫೋಟೋಗಳ ನಡುವೆಯೇ ಕುಳಿತಿರುತ್ತವೆ. ಬ್ಯಾಕಪ್ ಆನ್ ಇದ್ದರೆ ಕ್ಲೌಡಿಗೂ ಹೋಗುತ್ತವೆ. ಅದರ ಬದಲು ಡ್ರೈವ್ ಆ್ಯಪ್‌ನಲ್ಲಿರುವ ಸ್ಕ್ಯಾನ್ ಬಳಸಿ. ಕಾಗದ ಪಿಡಿಎಫ್ ಆಗಿ ಡ್ರೈವ್‌ನಲ್ಲಿ ಉಳಿಯುತ್ತದೆ, ಗ್ಯಾಲರಿಗೆ ಬರುವುದಿಲ್ಲ. ಈಗಾಗಲೇ ತೆಗೆದದ್ದಿದ್ದರೆ, ಅರ್ಜಿ ತಲುಪಿದ ಮೇಲೆ ಅಳಿಸಿಬಿಡಿ. ಅಂಗಡಿಯಲ್ಲಿ ಬೇರೆಯವರ ಫೋನಿನಿಂದ ಕಳುಹಿಸಿದ್ದರೆ ಅಲ್ಲಿಯೇ ನಿಂತು ಅಳಿಸಿಸಿ. ಸಂಕೋಚ ಬೇಡ.

ಕೊನೆಯದಾಗಿ, ಈ ವರ್ಷದ ಅರ್ಜಿ ಫಾರಂನ ಕೊನೆಯ ಪುಟದಲ್ಲಿ ಒಂದು ಹೊಸ ಸಾಲು ಇದೆ: "ನನ್ನ ಫೋಟೋವನ್ನು ಟ್ರಸ್ಟಿನ ಪರದೆಯಲ್ಲಾಗಲಿ ವರದಿಯಲ್ಲಾಗಲಿ ಬಳಸಬಹುದು / ಬಳಸಬಾರದು." ಯಾವುದಕ್ಕೆ ಗುರುತು ಹಾಕಿದರೂ ವಿದ್ಯಾರ್ಥಿವೇತನಕ್ಕೂ ಅದಕ್ಕೂ ಸಂಬಂಧವಿಲ್ಲ. ಆಯ್ಕೆ ಸಮಿತಿಯವರಿಗೆ ಆ ಪುಟವನ್ನು ಕೊಡುವುದೇ ಇಲ್ಲ. ಗುರುತು ಹಾಕದೆ ಬಿಟ್ಟರೆ "ಬಳಸಬಾರದು" ಎಂದೇ ತಿಳಿಯುತ್ತೇವೆ.

ಆ ಡ್ರೈವರ್ ಅವರ ಮಗಳು ಈಗ ಓದು ಮುಗಿಸಿದ್ದಾಳೆ. ಈ ಮಾತುಗಳನ್ನು ಇಲ್ಲಿ ಹೇಳಬಹುದೇ ಎಂದು ಅವರನ್ನು ಕೇಳಿದೆ. "ಹೇಳಿ, ಹೆಸರು ಬೇಡ" ಎಂದರು. ಈ ಸಲ ಕೇಳಿಯೇ ಹೇಳಿದ್ದೇನೆ.